‘ಸರಿ ಮಾಡ್ತೀವಿ’ ಅಂತ ಬಿಲ್ ಕೊಟ್ಟವರ ಹೊಣೆ: ಕನ್ವರ್ಷನ್ ಥೆರಪಿ ಮತ್ತು ಪರಿಹಾರದ ಕಾನೂನು

‘ಕನ್ವರ್ಷನ್ ಥೆರಪಿ ಇಂಡಿಯಾದಲ್ಲಿ ಬ್ಯಾನ್ ಆಗಿದೆ ಅಲ್ವಾ?’ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಹೀಗೆ ಕೇಳುತ್ತಾರೆ. ಅರ್ಧ ಹೌದು ಅನ್ನಬೇಕು. ಒಂದು ಹೈಕೋರ್ಟ್ ಆದೇಶ ಇದೆ, ವೈದ್ಯಕೀಯ ಆಯೋಗದ ಒಂದು ಪತ್ರ ಇದೆ, ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕೆಲವು ಒಳ್ಳೆಯ ಸೆಕ್ಷನ್‌ಗಳಿವೆ. ಇವೆಲ್ಲ ಸೇರಿ ಒಬ್ಬ ಡಾಕ್ಟರ ಲೈಸೆನ್ಸ್‌ಗೆ ಕುತ್ತು ತರಬಹುದು. ಆದರೆ ಆ ‘ಚಿಕಿತ್ಸೆ’ಯಿಂದ ನಿದ್ದೆ, ಓದು, ಕೆಲಸ ಎಲ್ಲ ಕಳೆದುಕೊಂಡವರ ಕೈಗೆ ಇವುಗಳಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಈ ಲೇಖನ ಆ ರೂಪಾಯಿಯ ಬಗ್ಗೆ. ಹಾನಿ ಮಾಡಿದವರು ಹಾನಿಗೆ ಒಳಗಾದವರಿಗೆ ಲೆಕ್ಕ ಕೊಡಬೇಕು ಅನ್ನುವ ಸಿವಿಲ್ ಹೊಣೆಯ ಬಗ್ಗೆ. ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ ಅನ್ನುವುದು ನನ್ನ ವಾದ. ದಾರಿ ಈಗಾಗಲೇ ಇದೆ, ಅದೂ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ. ಆದರೆ ಆ ದಾರಿಯ ಗೇಟು ಎರಡು ವರ್ಷಕ್ಕೆ ಮುಚ್ಚುತ್ತದೆ.

ಮೊದಲು, ಏನಿದು? ಸಲಿಂಗಿ ಅಥವಾ ಬೈಸೆಕ್ಶುಯಲ್ ವ್ಯಕ್ತಿಯನ್ನು ‘ನಾರ್ಮಲ್’ ಮಾಡುತ್ತೇವೆ, ಟ್ರಾನ್ಸ್ ವ್ಯಕ್ತಿಯ ಲಿಂಗತ್ವದ ಗುರುತನ್ನು ಬದಲಿಸುತ್ತೇವೆ ಎಂದು ಮಾಡುವ ಯಾವುದೇ ಪ್ರಯತ್ನ. ಇದಕ್ಕೆ ಒಂದೇ ರೂಪ ಇಲ್ಲ. ಮನೋವೈದ್ಯರ ಮಾತ್ರೆ, ಹಾರ್ಮೋನ್ ಇಂಜೆಕ್ಷನ್, ಕರೆಂಟ್ ಶಾಕ್, ಕೌನ್ಸೆಲಿಂಗ್ ಹೆಸರಿನ ಬೈಗುಳ, ವ್ಯಸನಮುಕ್ತಿ ಕೇಂದ್ರದಲ್ಲಿ ಕೂಡಿಹಾಕುವುದು, ದೆವ್ವ ಬಿಡಿಸುವುದು, ಎಲ್ಲವೂ ಇದರಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ನಮ್ಮ ಭಾರತೀಯ ಮನೋವೈದ್ಯಕೀಯ ಸಂಘ ‘ಇದು ರೋಗವಲ್ಲ’ ಎಂದು ಸಾರ್ವಜನಿಕವಾಗಿ ಹೇಳಿದ್ದು 2018ರಲ್ಲಿ, ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ತೀರ್ಪು ಕೊಡುವ ಕೆಲವೇ ವಾರ ಮುಂಚೆ. ತಡವಾಯಿತು, ನಿಜ. ಆದರೂ ಕಾನೂನಿನ ದೃಷ್ಟಿಯಿಂದ ಆ ಹೇಳಿಕೆ ಚಿನ್ನ. ಯಾಕೆ ಅಂತ ಮುಂದೆ ಹೇಳ್ತೀನಿ.

ಲೈಸೆನ್ಸ್ ಇದ್ದವರಿಗೆ ಮಾತ್ರ ಶಿಕ್ಷೆ

2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಎಸ್. ಸುಷ್ಮಾ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟರು. ಮನೆಯವರ ಒತ್ತಡಕ್ಕೆ ಊರು ಬಿಟ್ಟು ಚೆನ್ನೈಗೆ ಬಂದಿದ್ದ ಇಬ್ಬರು ಯುವತಿಯರು ಪೊಲೀಸರ ಕಾಟದಿಂದ ರಕ್ಷಣೆ ಕೇಳಿದ್ದ ಕೇಸು ಅದು. ತೀರ್ಪು ಬರೆಯುವ ಮುಂಚೆ ನ್ಯಾಯಮೂರ್ತಿಗಳು ‘ಈ ವಿಷಯ ನನಗೇ ಅರ್ಥವಾಗಬೇಕು’ ಎಂದು ಮನಶ್ಶಾಸ್ತ್ರಜ್ಞರ ಬಳಿ ಕೂತು ಪಾಠ ಕೇಳಿದರು. ನಮ್ಮ ಕೋರ್ಟ್‌ಗಳಲ್ಲಿ ಇದು ಅಪರೂಪ. ಲೈಂಗಿಕ ಒಲವನ್ನು ಅಥವಾ ಲಿಂಗತ್ವವನ್ನು ಬದಲಿಸುವ ವೈದ್ಯಕೀಯ ಪ್ರಯತ್ನ ನಿಷಿದ್ಧ, ಮಾಡಿದವರ ಲೈಸೆನ್ಸ್ ರದ್ದು ಮಾಡುವವರೆಗೂ ಕ್ರಮ ಜರುಗಿಸಬೇಕು ಎಂದು ಆ ಆದೇಶ ಹೇಳಿತು. ಅದೇ ಕೇಸಿನ ಮುಂದುವರಿಕೆಯಾಗಿ 2022ರ ಆಗಸ್ಟ್ 25ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಎಲ್ಲ ರಾಜ್ಯಗಳ ಮೆಡಿಕಲ್ ಕೌನ್ಸಿಲ್‌ಗಳಿಗೆ ಪತ್ರ ಬರೆದು, ಕನ್ವರ್ಷನ್ ಥೆರಪಿ ‘ವೃತ್ತಿ ದುರ್ನಡತೆ’ ಎಂದು ಘೋಷಿಸಿತು. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೂ ಅದು ಅನ್ವಯಿಸುತ್ತದೆ.

ಇದು ಸಣ್ಣ ಸಾಧನೆಯಲ್ಲ. 2001ರಲ್ಲಿ ಇಂಥದ್ದೇ ದೂರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದೆ ಹೋದಾಗ ಆಯೋಗ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅಲ್ಲಿಂದ ಇಲ್ಲಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು.

ಆದರೆ ಈ ವ್ಯವಸ್ಥೆಯ ತೂತು ಎಲ್ಲಿದೆ ನೋಡಿ. ಮೆಡಿಕಲ್ ಕೌನ್ಸಿಲ್ ಕೈ ಹಾಕಬಹುದಾದದ್ದು ತನ್ನ ರಿಜಿಸ್ಟರ್‌ನಲ್ಲಿ ಹೆಸರಿರುವವರಿಗೆ ಮಾತ್ರ. ‘ಲೈಫ್ ಕೋಚ್’ ಅಂತ ಬೋರ್ಡ್ ಹಾಕಿಕೊಂಡವರು, ಹಿಪ್ನೋಸಿಸ್ ಮಾಡುವವರು, ಯೂಟ್ಯೂಬ್‌ನಲ್ಲಿ ನಂಬರ್ ಕೊಡುವ ‘ಗುಪ್ತ ರೋಗ ತಜ್ಞರು’ ಯಾರ ರಿಜಿಸ್ಟರ್‌ನಲ್ಲೂ ಇಲ್ಲ. ಇಲ್ಲದ ಲೈಸೆನ್ಸನ್ನು ರದ್ದು ಮಾಡುವುದು ಹೇಗೆ? ಲೈಸೆನ್ಸ್ ಇದ್ದವರ ಕತೆಯೂ ಅಷ್ಟು ಸಲೀಸಲ್ಲ. ದೆಹಲಿಯಲ್ಲಿ ಮೆಡಿಕಲ್ ಕೌನ್ಸಿಲ್ 2016ರಲ್ಲಿ ಒಬ್ಬರನ್ನು ವೃತ್ತಿಯಿಂದ ತಡೆದಿತ್ತು. ಅವರು ಶಾಕ್ ಕೊಟ್ಟು ಸಲಿಂಗಿಗಳಿಗೆ ‘ಚಿಕಿತ್ಸೆ’ ಮುಂದುವರಿಸಿದ್ದಾರೆ ಎಂಬ ದೂರಿನ ಮೇಲೆ 2018ರಲ್ಲಿ ಕೋರ್ಟ್ ಸಮನ್ಸ್ ಕಳಿಸಬೇಕಾಯಿತು.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಇನ್ನಷ್ಟು ಗಟ್ಟಿ ಮಾತಾಡುತ್ತದೆ. ಸಮಾಜದ ನೈತಿಕ, ಸಾಂಸ್ಕೃತಿಕ, ಧಾರ್ಮಿಕ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವಂತಿಲ್ಲ ಎನ್ನುತ್ತದೆ ಅದರ 3ನೇ ಸೆಕ್ಷನ್. ಉಲ್ಲಂಘನೆಗೆ 108ನೇ ಸೆಕ್ಷನ್ ಅಡಿ ಮೊದಲ ಸಲ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಹಣ ಹೋಗುವುದು ಸರ್ಕಾರಕ್ಕೆ. ಹದಿನೇಳನೇ ವಯಸ್ಸಿನಲ್ಲಿ ಶಾಕ್ ತಿಂದ ಹುಡುಗನಿಗಲ್ಲ.

2023ರ ಸಮಲಿಂಗ ವಿವಾಹದ ತೀರ್ಪಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು ಇಂಥ ‘ಚಿಕಿತ್ಸೆ’ಗಳನ್ನು ತಕ್ಷಣ ನಿಲ್ಲಿಸಿ ಎಂದು ಬರೆದಿದ್ದರಲ್ಲ ಎಂದು ಕೆಲವರು ಕೇಳಬಹುದು. ಬರೆದಿದ್ದರು. ಆದರೆ ಅದು ಅಲ್ಪಮತದ ತೀರ್ಪು. ಇನ್‌ಸ್ಟಾಗ್ರಾಂ ಕಾರ್ಡ್‌ಗಳಲ್ಲಿ ಅದನ್ನು ‘ಸುಪ್ರೀಂ ಕೋರ್ಟ್ ಆದೇಶ’ ಅಂತ ಹಂಚುವುದು ದಯವಿಟ್ಟು ನಿಲ್ಲಿಸಿ. ಕೋರ್ಟ್‌ನಲ್ಲಿ ಎದುರು ವಕೀಲರು ಒಂದೇ ಏಟಿಗೆ ಉರುಳಿಸುತ್ತಾರೆ.

ನ್ಯೂಜೆರ್ಸಿಯಲ್ಲಿ ಆದದ್ದು

ಪರಿಹಾರದ ದಾರಿ ಹೇಗಿರುತ್ತದೆ ಅನ್ನುವುದಕ್ಕೆ ಜಗತ್ತಿನ ಅತಿ ಚೆನ್ನಾದ ಉದಾಹರಣೆ ಅಮೆರಿಕದ ನ್ಯೂಜೆರ್ಸಿಯದ್ದು. ಜೋನಾ ಎಂಬ ಸಂಸ್ಥೆ ಅಲ್ಲಿನ ಯಹೂದಿ ಸಮುದಾಯದ ಯುವಕರಿಗೆ ‘ಸಲಿಂಗ ಆಕರ್ಷಣೆ ಹೋಗಲಾಡಿಸುತ್ತೇವೆ’ ಎಂದು ಸೇವೆ ಮಾರುತ್ತಿತ್ತು. ಒಬ್ಬೊಬ್ಬರ ಸೆಷನ್‌ಗೆ 100 ಡಾಲರ್, ಗುಂಪು ಸೆಷನ್‌ಗೆ 60. ಕೊಡುತ್ತಿದ್ದ ಸೇವೆ ಏನು? ಕನ್ನಡಿ ಮುಂದೆ ಬಟ್ಟೆ ಬಿಚ್ಚಿ ನಿಲ್ಲುವುದು, ದಿಂಬನ್ನು ತಾಯಿ ಎಂದುಕೊಂಡು ಟೆನಿಸ್ ರಾಕೆಟ್‌ನಿಂದ ಬಡಿಯುವುದು. ತಮಾಷೆ ಅನ್ನಿಸಬಹುದು. ಅದನ್ನು ಮಾಡಬೇಕಾಗಿ ಬಂದ ಹುಡುಗರಿಗೆ ತಮಾಷೆಯಾಗಿರಲಿಲ್ಲ.

2012ರ ನವೆಂಬರ್‌ನಲ್ಲಿ ನಾಲ್ವರು ಯುವಕರು ಮತ್ತು ಇಬ್ಬರು ತಾಯಂದಿರು ಕೇಸು ಹಾಕಿದರು. ಅವರ ಪರ ನಿಂತದ್ದು ಸದರ್ನ್ ಪಾವರ್ಟಿ ಲಾ ಸೆಂಟರ್. ಇಲ್ಲಿ ಅವರ ಜಾಣತನ ನೋಡಿ. ಧರ್ಮ, ನೈತಿಕತೆ, ಮಾನವ ಹಕ್ಕು ಯಾವುದನ್ನೂ ಕೇಸಿನ ನಡುಮಧ್ಯಕ್ಕೆ ತರಲಿಲ್ಲ. ರಾಜ್ಯದ ಗ್ರಾಹಕ ವಂಚನೆ ಕಾಯ್ದೆ ಹಿಡಿದು, ‘ಇವರು ಇಲ್ಲದ ರೋಗಕ್ಕೆ ಇಲ್ಲದ ಔಷಧಿ ಮಾರಿದ್ದಾರೆ’ ಎಂದರು. ಸೆಕೆಂಡ್ ಹ್ಯಾಂಡ್ ಕಾರಿನ ಮೀಟರ್ ತಿರುಗಿಸಿ ಮಾರಿದವನ ಮೇಲೆ ಹಾಕುವಂಥ ಕೇಸು.

2015ರ ಫೆಬ್ರವರಿಯಲ್ಲಿ ನ್ಯಾಯಾಧೀಶರು, ಸಲಿಂಗಕಾಮ ಮಾನಸಿಕ ರೋಗ ಎಂದು ಹೇಳಿ ಸೇವೆ ಮಾರುವುದೇ ತಪ್ಪು ಮಾಹಿತಿ, ಅದನ್ನು ಬೆಂಬಲಿಸುವ ‘ತಜ್ಞ’ರ ಸಾಕ್ಷ್ಯ ಭೂಮಿ ಚಪ್ಪಟೆ ಅನ್ನುವವರ ಸಾಕ್ಷ್ಯದ ಹಾಗೆ ಎಂಬ ಅರ್ಥದಲ್ಲಿ ಹೇಳಿ, ಅದನ್ನು ಹೊರಗಿಟ್ಟರು. ಜೂನ್‌ನಲ್ಲಿ ಜ್ಯೂರಿ ಕೆಲವೇ ಗಂಟೆಗಳಲ್ಲಿ ತೀರ್ಮಾನ ಕೊಟ್ಟಿತು: ವಂಚನೆ. ಸುಮಾರು 72,400 ಡಾಲರ್ ಪರಿಹಾರ, ಸಂಸ್ಥೆ ಮುಚ್ಚಬೇಕು. ಅವರು ಮುಚ್ಚಿದಂತೆ ಮಾಡಿ ಬೇರೆ ಹೆಸರಿನಲ್ಲಿ ಅಂಗಡಿ ನಡೆಸಿದರು. 2019ರಲ್ಲಿ ಅದು ಬಯಲಾದಾಗ ಕೋರ್ಟ್ 35 ಲಕ್ಷ ಡಾಲರ್ ಕಟ್ಟಿ ಎಂದಿತು.

ಆ ಕೇಸಿನಿಂದ ನಮಗೆ ಬೇಕಾದ ಸಂಗತಿಗಳು ಎರಡು. ಒಂದು, ವಂಚನೆಯ ದಾರಿಯಲ್ಲಿ ಮಾತಿನ ಸ್ವಾತಂತ್ರ್ಯದ ತಕರಾರು ಅಷ್ಟಾಗಿ ನಿಲ್ಲುವುದಿಲ್ಲ. ‘ನಾವು ಬರೀ ಮಾತಾಡಿದ್ದು, ಮಾತಿಗೆ ನಿಷೇಧ ಹೇರುವಂತಿಲ್ಲ’ ಎಂಬ ವಾದದಿಂದ ಫ್ಲಾರಿಡಾದ ಬೋಕಾ ರೇಟನ್ ನಗರದ ನಿಷೇಧವನ್ನು 2020ರಲ್ಲಿ ಅಲ್ಲಿನ ಫೆಡರಲ್ ಅಪೀಲು ಕೋರ್ಟ್ ತಡೆದಿತ್ತು. ಸುಳ್ಳು ಹೇಳಿ ದುಡ್ಡು ಪಡೆಯುವುದಕ್ಕೆ ಆ ರಕ್ಷಣೆ ಇಲ್ಲ. ಎರಡು, ಆ ಇಬ್ಬರು ತಾಯಂದಿರು. ಮಗನನ್ನು ಅಲ್ಲಿಗೆ ಕಳಿಸಿ ದುಡ್ಡು ಕಟ್ಟಿದವರು ಅವರೇ, ಕೊನೆಗೆ ಮಗನ ಪಕ್ಕ ಕೂತು ಕೇಸು ನಡೆಸಿದವರೂ ಅವರೇ.

ಇದು ನಮ್ಮಲ್ಲಿ ಆಗುತ್ತಾ?

ಆಗುತ್ತೆ. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ‘ಸೇವೆ’ಯೇ ಎಂದಿತು. ಕಳೆದ ವರ್ಷಗಳಲ್ಲಿ ಈ ತೀರ್ಪನ್ನು ಮರುಪರಿಶೀಲಿಸಬೇಕು ಎಂಬ ಮಾತು ಎದ್ದಿತ್ತು. 2024ರ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲ ಎಂದ ಮೇಲೆ ಶಾಂತಾ ತೀರ್ಪು ಭದ್ರವಾಗಿದೆ.

ಡಾಕ್ಟರ್ ಅಲ್ಲದವರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ ಅನ್ನುವುದು ಇದರ ದೊಡ್ಡ ಅನುಕೂಲ. ದುಡ್ಡು ಪಡೆದು ಸೇವೆ ಕೊಟ್ಟಿದ್ದರೆ ಸಾಕು, ಗೋಡೆ ಮೇಲೆ ಡಿಗ್ರಿ ತೂಗುಹಾಕಿದ್ದರೇನು, ಇಲ್ಲದಿದ್ದರೇನು. ಮೆಡಿಕಲ್ ಕೌನ್ಸಿಲ್ ಮುಟ್ಟಲಾಗದ ಲೈಫ್ ಕೋಚ್ ಇಲ್ಲಿ ಸಿಕ್ಕಿಬೀಳುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ಹಿಡಿಕೆಗಳಿವೆ. ‘ಸೇವಾ ನ್ಯೂನತೆ’ ಒಂದು, ‘ಅನುಚಿತ ವ್ಯಾಪಾರ ಪದ್ಧತಿ’ ಇನ್ನೊಂದು. ನ್ಯೂಜೆರ್ಸಿಯ ವಂಚನೆ ವಾದಕ್ಕೆ ಹತ್ತಿರದ ನೆಂಟ ಎರಡನೆಯದು. ಆಯೋಗ ಶುಲ್ಕ ವಾಪಸ್ ಕೊಡಿಸಬಹುದು, ಹಾನಿಗೆ ಪರಿಹಾರ ಕೊಡಿಸಬಹುದು, ದಂಡನಾತ್ಮಕ ಪರಿಹಾರವನ್ನೂ ಸೇರಿಸಬಹುದು, ಆ ವ್ಯಾಪಾರ ನಿಲ್ಲಿಸಿ ಎಂದೂ ಹೇಳಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಮನೆ ಬಿಟ್ಟು ಬೆಂಗಳೂರಿಗೆ ಬಂದವರು ವಾಪಸ್ ಕಲಬುರಗಿಗೋ ಹಾಸನಕ್ಕೋ ಹೋಗಿ ಅಲ್ಲಿನ ಆಯೋಗದ ಬಾಗಿಲಲ್ಲಿ ಅಪ್ಪನ ಸ್ನೇಹಿತರ ಕಣ್ಣಿಗೆ ಬೀಳಬೇಕಿಲ್ಲ.

‘ಆದ್ರೆ ದುಡ್ಡು ಕೊಟ್ಟಿದ್ದು ನಾನಲ್ಲ, ಅಪ್ಪ’ ಅನ್ನುವವರೇ ಹೆಚ್ಚು. ತೊಂದರೆ ಇಲ್ಲ. ಕಾಯ್ದೆಯ ‘ಗ್ರಾಹಕ’ ಅನ್ನುವ ಪದದಲ್ಲಿ ದುಡ್ಡು ಕೊಟ್ಟವರೂ ಬರುತ್ತಾರೆ, ಅವರ ಒಪ್ಪಿಗೆಯಿಂದ ಸೇವೆಯ ಫಲಾನುಭವಿಯಾದವರೂ ಬರುತ್ತಾರೆ. ‘ಫಲಾನುಭವಿ’! ಶಾಕ್ ತಿಂದವರಿಗೆ ಈ ಪದ ಹಚ್ಚುವಾಗ ಕಾನೂನಿಗೂ ನಾಚಿಕೆಯಾಗಬೇಕು. ಆದರೂ ಪದ ಉಪಯೋಗಕ್ಕೆ ಬರುತ್ತದೆ. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವೂ ಗ್ರಾಹಕ, ಆಸ್ಪತ್ರೆಗೆ ಸೇರಿಸಿದ ತಂದೆ-ತಾಯಿಯೂ ಗ್ರಾಹಕರು, ಇಬ್ಬರಿಗೂ ಬೇರೆ ಬೇರೆ ಪರಿಹಾರ ಸಲ್ಲುತ್ತದೆ ಎಂದಿದೆ. ಆ ತೀರ್ಪು ಪೂರ್ತಿ ಬೇರೆ ತರಹದ ವೈದ್ಯಕೀಯ ನಿರ್ಲಕ್ಷ್ಯದ್ದು. ಆದರೆ ಅದರ ತರ್ಕ ಇಲ್ಲಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ.

ಬೋಲಮ್ ಎಂಬ ಗುರಾಣಿ

ವೈದ್ಯರ ಮೇಲೆ ನಿರ್ಲಕ್ಷ್ಯದ ಕೇಸು ಹಾಕಿದಾಗ ಎದುರಾಗುವ ಮೊದಲ ಗೋಡೆಗೆ ‘ಬೋಲಮ್ ಟೆಸ್ಟ್’ ಅಂತ ಹೆಸರು. ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಒಪ್ಪುವ ಪದ್ಧತಿಯನ್ನೇ ಡಾಕ್ಟರ್ ಅನುಸರಿಸಿದ್ದರೆ, ಬೇರೆಯವರು ಒಪ್ಪದಿದ್ದರೂ ಅದು ನಿರ್ಲಕ್ಷ್ಯವಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ಈ ಬೋಲಮ್ ಯಾರು ಅಂತ ಹುಡುಕಿದರೆ ಸಿಗುವ ಕತೆ ವಿಚಿತ್ರ. ಖಿನ್ನತೆಗೆಂದು ಲಂಡನ್‌ನ ಒಂದು ಮಾನಸಿಕ ಆಸ್ಪತ್ರೆಗೆ ಸೇರಿದ್ದ ರೋಗಿ ಆತ. 1954ರಲ್ಲಿ ಸ್ನಾಯು ಸಡಿಲಿಸುವ ಔಷಧಿ ಕೊಡದೆಯೇ ಕರೆಂಟ್ ಶಾಕ್ ಕೊಟ್ಟರು, ಸೊಂಟದ ಮೂಳೆ ಮುರಿಯಿತು. ಆಗಿನ ಕೆಲವು ವೈದ್ಯರು ಹಾಗೇ ಮಾಡುತ್ತಿದ್ದರು ಅನ್ನುವ ಕಾರಣಕ್ಕೆ 1957ರಲ್ಲಿ ಆತ ಕೇಸು ಸೋತ. ಅಂದರೆ ಜಗತ್ತಿನಾದ್ಯಂತ ವೈದ್ಯರನ್ನು ಕಾಪಾಡುವ ಸೂತ್ರ ಹುಟ್ಟಿದ್ದೇ ಒಂದು ಶಾಕ್ ಚಿಕಿತ್ಸೆಯಿಂದ. ಅವತ್ತು ಆತನಿಗೆ ಮಾಡಿದ್ದನ್ನು ಇವತ್ತು ಭಾರತದಲ್ಲಿ ಮಾಡುವುದು ಕಾನೂನುಬಾಹಿರ. ಸ್ನಾಯು ಸಡಿಲಿಸುವ ಔಷಧಿ ಮತ್ತು ಅರಿವಳಿಕೆ ಇಲ್ಲದೆ ಶಾಕ್ ಕೊಡುವುದನ್ನು ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ.

ಕನ್ವರ್ಷನ್ ಥೆರಪಿಯ ಕೇಸಿನಲ್ಲಿ ಈ ಗುರಾಣಿ ಕೆಲಸ ಮಾಡಬಾರದು. ‘ನನ್ನಂತೆ ಮಾಡುವ ಜವಾಬ್ದಾರಿಯುತ ವೈದ್ಯರಿದ್ದಾರೆ’ ಎಂದು ತೋರಿಸಬೇಕಲ್ಲ? ಮನೋವೈದ್ಯರ ಸಂಘ ‘ರೋಗವಲ್ಲ’ ಅಂದಿದೆ, ವೈದ್ಯಕೀಯ ಆಯೋಗ ‘ದುರ್ನಡತೆ’ ಅಂದಿದೆ. ಆ 2018ರ ಹೇಳಿಕೆಯನ್ನು ಚಿನ್ನ ಅಂದದ್ದು ಇದಕ್ಕೇ. ಕೆಲವು ಕೇಸುಗಳಲ್ಲಿ ತಜ್ಞರ ಸಾಕ್ಷಿಯ ಅಗತ್ಯವೇ ಇಲ್ಲ ಎಂದು 2010ರ ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

‘ಅವನೇ ಸಹಿ ಹಾಕಿದ್ದಾನೆ’ ಅನ್ನುವುದು ಮುಂದಿನ ತಕರಾರು. ಸಹಿ ಬೇರೆ, ಸಮ್ಮತಿ ಬೇರೆ. 2008ರ ಸಮೀರಾ ಕೊಹ್ಲಿ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ಇವುಗಳನ್ನು ತಿಳಿಸಿ, ರೋಗಿ ಸ್ವಇಚ್ಛೆಯಿಂದ ಒಪ್ಪಿದರೆ ಮಾತ್ರ ಅದು ಸಮ್ಮತಿ. ‘ಇದು ರೋಗವೇ ಅಲ್ಲ, ಇದಕ್ಕೆ ಮದ್ದೂ ಇಲ್ಲ’ ಅನ್ನುವ ಮಾಹಿತಿ ಮುಚ್ಚಿಟ್ಟು ಪಡೆದ ಸಹಿಗೆ ಬೆಲೆ ಎಷ್ಟು? ‘ಕಾಲೇಜ್ ಫೀಸ್ ಕಟ್ಟಲ್ಲ’ ಅಂತ ಅಮ್ಮ ಅತ್ತು, ಅಪ್ಪ ಬಾಗಿಲಲ್ಲಿ ನಿಂತಿದ್ದಾಗ ಹಾಕಿದ ಸಹಿಯನ್ನು ಸ್ವಇಚ್ಛೆ ಅನ್ನಲು ಬರುತ್ತದಾ?

ಹಾನಿಯನ್ನು ಅಳೆಯುವುದು ಹೇಗೆ

ಕಷ್ಟ ಇರುವುದು ಇಲ್ಲಿ. ಇಂಜಿನಿಯರಿಂಗ್‌ನಲ್ಲಿ ನಮಗೆ ಫೇಲ್ಯೂರ್ ಅನಾಲಿಸಿಸ್ ಕಲಿಸುತ್ತಿದ್ದರು. ಒಂದು ಶಾಫ್ಟ್ ಮುರಿದರೆ ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಬಿರುಕು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ಮನಸ್ಸು ಹಾಗೆ ಮುರಿಯುವುದಿಲ್ಲ. ಎದುರು ಪಕ್ಷದವರು ‘ಇವನಿಗೆ ಮೊದಲೇ ಡಿಪ್ರೆಶನ್ ಇತ್ತು, ಮನೆಯಲ್ಲಿ ಜಗಳ ಇತ್ತು, ಸಮಾಜದ ಹೀಯಾಳಿಕೆ ಇತ್ತು, ನಮ್ಮದೇನು ತಪ್ಪು’ ಎಂದೇ ಎನ್ನುತ್ತಾರೆ. ಇದಕ್ಕೆ ಕಾನೂನಿನಲ್ಲಿ ಹಳೆಯ ಉತ್ತರ ಇದೆ. ಹಾನಿ ಮಾಡಿದವನು ಎದುರಿಗಿದ್ದವರನ್ನು ಇದ್ದ ಹಾಗೇ ಸ್ವೀಕರಿಸಬೇಕು. ಮೊದಲೇ ನೊಂದಿದ್ದರು ಅನ್ನುವುದು ಇನ್ನಷ್ಟು ನೋಯಿಸಿದವನಿಗೆ ರಿಯಾಯಿತಿ ಅಲ್ಲ.

ಆದರೂ ವಂಚನೆಯ ದಾರಿ ಇದಕ್ಕಿಂತ ಸುಲಭ. ಅಲ್ಲಿ ಮನಸ್ಸಿನ ಬಿರುಕನ್ನು ಅಳೆದು ತೋರಿಸುವ ಮೊದಲೇ ಕೇಸಿನ ಅರ್ಧ ಗೆದ್ದಿರುತ್ತೀರಿ. ಸುಳ್ಳು ಭರವಸೆ ಕೊಟ್ಟರಾ? ಅದಕ್ಕೆ ದುಡ್ಡು ಪಡೆದರಾ? ಎರಡಕ್ಕೂ ಹೌದು ಅಂತಾದರೆ ಶುಲ್ಕ ವಾಪಸ್ ಬರಬೇಕು. ಆಮೇಲೆ ಅದರಿಂದ ಚೇತರಿಸಿಕೊಳ್ಳಲು ನಿಜವಾದ ಮನೋವೈದ್ಯರಿಗೆ ಕೊಟ್ಟ ದುಡ್ಡು, ತಪ್ಪಿದ ಸೆಮಿಸ್ಟರ್, ಹೋದ ಸಂಬಳ, ಕೊನೆಗೆ ಮಾನಸಿಕ ಯಾತನೆ. ಈ ಕ್ರಮದಲ್ಲಿ ಕೇಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾತನೆಯನ್ನೇ ಮುಂದಿಟ್ಟು ಕೋಟಿ ಕೇಳಿದರೆ ಬಿಲ್ಲಿನ ಮಾತು ಮರೆತುಹೋಗುತ್ತದೆ.

ಕೂಡಿಹಾಕಿದ್ದರೆ, ಹೊಡೆದಿದ್ದರೆ ಗ್ರಾಹಕ ಆಯೋಗದ ಜೊತೆ ಸಿವಿಲ್ ಕೋರ್ಟ್ ದಾರಿಯೂ ಇದೆ. ಕಾನೂನುಬಾಹಿರ ಬಂಧನ, ದೈಹಿಕ ಹಲ್ಲೆ ಇವೆರಡೂ ಟಾರ್ಟ್‌ಗಳು, ಅಂದರೆ ಪರಿಹಾರ ಕೇಳಬಹುದಾದ ತಪ್ಪುಗಳು. ವ್ಯಸನವೇ ಇಲ್ಲದವರನ್ನು ವ್ಯಸನಮುಕ್ತಿ ಕೇಂದ್ರದಲ್ಲಿ ಬೀಗ ಹಾಕಿ ಇಟ್ಟುಕೊಂಡದ್ದಕ್ಕೆ ಇದು ನೇರ ಉತ್ತರ. ಆದರೆ ಇಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು, ವರ್ಷಗಟ್ಟಲೆ ಕಾಯಬೇಕು. ಮಾನಸಿಕ ಆರೋಗ್ಯ ಕಾಯ್ದೆಯಡಿ ಮಂಡಳಿ ತೀರ್ಮಾನಿಸುವ ವಿಷಯಗಳಿಗೆ ಸಿವಿಲ್ ಕೋರ್ಟ್ ಕೈ ಹಾಕುವಂತಿಲ್ಲ ಎಂಬ ನಿಯಮವನ್ನು ಎದುರು ವಕೀಲರು ಎತ್ತುತ್ತಾರೆ. ನಷ್ಟಪರಿಹಾರ ಕೊಡುವುದು ಆ ಮಂಡಳಿಯ ಕೆಲಸವಲ್ಲ ಅನ್ನುವುದು ನಿಮ್ಮ ಉತ್ತರ.

ದೇವರ ಹೆಸರಲ್ಲಿ ಪುಕ್ಕಟೆ ಮಾಡುವವರ ವಿಷಯ ಚುಟುಕಾಗಿ ಹೇಳ್ತೀನಿ. ದುಡ್ಡು ಪಡೆಯದಿದ್ದರೆ ಗ್ರಾಹಕ ಕಾಯ್ದೆ ಬರುವುದಿಲ್ಲ. ಉಳಿಯುವುದು ಟಾರ್ಟ್. ಕರ್ನಾಟಕದಲ್ಲಿ 2020ರ ಜನವರಿಯಿಂದ ಜಾರಿಯಲ್ಲಿರುವ ಮೌಢ್ಯ ನಿಷೇಧ ಕಾಯ್ದೆಯಡಿ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆದವರ ಮೇಲೆ ಕ್ರಿಮಿನಲ್ ಕೇಸು ಹಾಕಬಹುದು. ಅದರಲ್ಲೂ ಗಮನ ಇರುವುದು ಶಿಕ್ಷೆಯ ಮೇಲೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದವರು ಕನ್ವರ್ಷನ್ ಥೆರಪಿಗೆಂದೇ ಮಾಡಿದ ಕಾಯ್ದೆಗಳಲ್ಲಿ ಕ್ರಿಮಿನಲ್ ಶಿಕ್ಷೆಯ ಜೊತೆಗೆ ಮಾನವ ಹಕ್ಕುಗಳ ಆಯೋಗದ ಮೂಲಕ ಸಿವಿಲ್ ದೂರಿನ ದಾರಿಯನ್ನೂ ಇಟ್ಟಿದ್ದಾರೆ. ನಮ್ಮಲ್ಲಿ ಮುಂದೊಂದು ದಿನ ನಿಷೇಧ ಕಾಯ್ದೆ ಬರೆಯುವವರು ಆ ಭಾಗವನ್ನು ನೋಡಿ ಬರೆಯಲಿ.

ಅಪ್ಪ-ಅಮ್ಮನ ಮೇಲೆ ಕೇಸು ಹಾಕಬೇಕಾ?

ಈ ವಿಷಯದಲ್ಲಿ ಜನ ಹಿಂಜರಿಯುವುದು ಕಾನೂನಿಗೆ ಹೆದರಿ ಅಲ್ಲ, ಈ ಪ್ರಶ್ನೆಗೆ ಹೆದರಿ. ಕರೆದುಕೊಂಡು ಹೋದವರು ಅಪ್ಪ, ಕೈ ಹಿಡಿದುಕೊಂಡವರು ಅಣ್ಣ, ‘ಒಂದ್ಸಲ ತೋರ್ಸೋಣ ಮಗಾ, ನನ್ನ ಮೇಲಾಣೆ’ ಅಂದವರು ಅಮ್ಮ. ಇವರನ್ನು ಪ್ರತಿವಾದಿ ಅಂತ ಬರೆಯಲು ಯಾರಿಗೆ ಕೈ ಬರುತ್ತದೆ? ಅಪ್ರಾಪ್ತರಾದರೆ ಕಾನೂನಿನದ್ದೇ ತೊಡಕು. ಅವರ ಪರ ದಾವೆ ಹೂಡಲು ವಯಸ್ಕರೊಬ್ಬರು ಬೇಕು, ಆ ವಯಸ್ಕರು ಸಾಮಾನ್ಯವಾಗಿ ಯಾರು? ಅದೇ ಅಪ್ಪ-ಅಮ್ಮ.

ಗ್ರಾಹಕ ಆಯೋಗದ ದಾರಿ ನನಗೆ ಇಷ್ಟವಾಗುವುದಕ್ಕೆ ದೊಡ್ಡ ಕಾರಣ ಇದೇ. ಅಲ್ಲಿ ಪ್ರತಿವಾದಿ ಮಾರಿದವರು ಮಾತ್ರ. ಮನೆಯವರನ್ನು ಎಳೆದು ತರಬೇಕಿಲ್ಲ. ಬದಲಿಗೆ ಅವರೂ ಮೋಸ ಹೋದ ಗ್ರಾಹಕರು ಎಂದು ಅವರನ್ನು ನಿಮ್ಮ ಕಡೆ ಕೂರಿಸಿಕೊಳ್ಳುವ ಅವಕಾಶ ಇದೆ. ಎಲ್ಲ ಮನೆಯವರೂ ಮೋಸ ಹೋದವರಲ್ಲ ಅನ್ನುವುದು ನನಗೆ ಗೊತ್ತು. ಹೊಡೆದವರು, ಕಟ್ಟಿಹಾಕಿದವರು ಇದ್ದಾರೆ. ಅವರ ಮೇಲೆ ಸಿವಿಲ್ ದಾವೆಯಾಗಲಿ ಪೊಲೀಸ್ ದೂರಾಗಲಿ ಹಾಕಲು ಅಡ್ಡಿಯಿಲ್ಲ, ‘ಹೆತ್ತವರು’ ಅನ್ನುವುದು ಹಲ್ಲೆಗೆ ಪರವಾನಗಿ ಅಲ್ಲ. ಆದರೆ ಗೂಗಲ್ ಮಾಡಿ, ಪಕ್ಕದ ಮನೆಯವರ ಮಾತು ಕೇಳಿ, ಒಡವೆ ಅಡವಿಟ್ಟು ‘ಡಾಕ್ಟರ್ ಹೇಳಿದ ಮೇಲೆ ಸರಿ ಇರಬೇಕು’ ಎಂದು ನಂಬಿದ ತಾಯಂದಿರೂ ಇದ್ದಾರೆ. ನ್ಯೂಜೆರ್ಸಿಯ ಆ ಇಬ್ಬರ ತರಹ.

ಮನೆಯವರು ಈಗಲೂ ನಿಮ್ಮನ್ನು ಹಿಡಿದಿಟ್ಟಿದ್ದರೆ ಪರಿಹಾರದ ಮಾತು ಆಮೇಲೆ, ಮೊದಲು ಹೊರಗೆ ಬರಬೇಕು. ಅದಕ್ಕೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಇದೆ. ಸ್ನೇಹಿತರೂ ಹಾಕಬಹುದು. ಇಂಥ ಅರ್ಜಿಗಳಲ್ಲಿ ಕೌನ್ಸೆಲಿಂಗ್ ಹೆಸರಿನಲ್ಲಿ ವ್ಯಕ್ತಿಯ ಒಲವು ಬದಲಿಸುವ ಪ್ರಯತ್ನ ಮಾಡಬಾರದು ಎಂದು 2024ರ ಮಾರ್ಚ್‌ನಲ್ಲಿ ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ-ಮಾನಸ್, 14416, ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಎರಡು ವರ್ಷ

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಘಟನೆಯಿಂದ ಎರಡು ವರ್ಷ. ಕಾನೂನುಬಾಹಿರ ಬಂಧನದ ದಾವೆಗೆ ಒಂದೇ ವರ್ಷ, ಅಪ್ರಾಪ್ತರಾಗಿದ್ದರೆ 18 ತುಂಬಿದ ಮೇಲೆ ಎಣಿಕೆ ಶುರು. ಈ ಗಡಿಯಾರ ಕನ್ವರ್ಷನ್ ಥೆರಪಿಗೆ ಒಳಗಾದವರಿಗೆ ಕ್ರೂರ. ಹದಿನೆಂಟರಲ್ಲಿ ಆದದ್ದನ್ನು ‘ತಪ್ಪು ನನ್ನದಲ್ಲ, ಅವರದು’ ಎಂದು ಗುರುತಿಸಲು ಬಹಳ ಜನಕ್ಕೆ ಕೆಲಸ ಸಿಕ್ಕಿ, ಊರು ಬಿಟ್ಟು, ತಮ್ಮಂಥವರನ್ನು ಕಂಡು ಮಾತಾಡುವವರೆಗೆ ಕಾಯಬೇಕು. ಹಾನಿ ಗೊತ್ತಾದ ದಿನದಿಂದ ಎಣಿಸಿ ಎಂಬ ವಾದಕ್ಕೆ ಅವಕಾಶ ಇದೆ. 2010ರ ಶ್ರೀಖಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತತ್ವವನ್ನು ಒಪ್ಪಿತು. ಆದರೆ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಬಿಟ್ಟು ಹೊಲಿದ ಆ ಕೇಸಿನಲ್ಲೇ, ವರ್ಷಗಟ್ಟಲೆ ನೋವಿದ್ದೂ ವಿಚಾರಿಸಲಿಲ್ಲ ಎಂದು ದೂರುದಾರರನ್ನು ವಾಪಸ್ ಕಳಿಸಿತು. ಸಮಂಜಸ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಮನೆಯವರ ಹಿಡಿತದಲ್ಲಿದ್ದೆ, ಚಿಕಿತ್ಸೆಯಲ್ಲಿದ್ದೆ ಅನ್ನುವುದು ಸಮಂಜಸ ಕಾರಣವೇ. ಆದರೂ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಹೆಸರು ಹೊರಬೀಳುವ ಭಯ ಇದ್ದರೆ, ಆದೇಶದಲ್ಲಿ ಗುರುತು ಮರೆಮಾಚಿ ಎಂದು ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ಪೀಠಕ್ಕೆ ಬಿಟ್ಟದ್ದು. ಲೈಂಗಿಕ ಒಲವು ಖಾಸಗಿತನದ ತಿರುಳು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪನ್ನು ಆ ಅರ್ಜಿಗೆ ಲಗತ್ತಿಸಿ. ಆ ಕೇಸು ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕೇಸು ಹಾಕುವ ನಿರ್ಧಾರ ಇವತ್ತೇ ಮಾಡಬೇಕಿಲ್ಲ. ಆದರೆ ಕಾಗದಗಳನ್ನು ಇವತ್ತೇ ಎತ್ತಿಡಿ: ಚೀಟಿ, ಬಿಲ್ಲು, ಯುಪಿಐ ರಸೀದಿ, ‘100% ಗುಣಪಡಿಸುತ್ತೇವೆ’ ಎಂಬ ಜಾಹೀರಾತಿನ ಸ್ಕ್ರೀನ್‌ಶಾಟ್, ಅಪಾಯಿಂಟ್‌ಮೆಂಟ್‌ನ ವಾಟ್ಸಾಪ್ ಮೆಸೇಜು. ದುಡ್ಡು ಅಪ್ಪನ ಅಕೌಂಟಿನಿಂದ ಹೋಗಿದ್ದರೆ ಆ ಸ್ಟೇಟ್‌ಮೆಂಟ್ ಯಾರ ಫೋನಿನಲ್ಲಿದೆ ಅಂತ ನೋಡಿಕೊಳ್ಳಿ. ಡಾಕ್ಟರ ಬಳಿ ಹೋಗಿದ್ದರೆ ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಅದೇ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಅವರು ಕಾಪಾಡಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಮಾತ್ರ.